ಸಿಂಹದ ಮರಿಗೆ ಹಾಲುಣಿಸಿದ ಮೇಕೆ

ಒಂದು ಕಾಡಿನಲ್ಲಿ ಸಿಂಹಗಳು ಕಡಿಮೆಯಾಗುತ್ತಿದ್ದವು. ಕಾಡು ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ನಿಜವಾಗಿ ಅದು ಆಫ್ರಿಕಾದ ಒಂದು ದೊಡ್ಡ ಹುಲ್ಲುಗಾವಲು. ಅಲ್ಲಿದ್ದದ್ದು ಹನ್ನೊಂದೇ ಮರ. ನಾನು ಅಲ್ಲಿಗೆ ಹೋಗಿಲ್ಲ, ಆದರೆ ಮರಗಳನ್ನು ಎಣಿಸಿದ್ದೇನೆ. ಹುಲ್ಲು ಮಾತ್ರ ಆನೆಯ ಹೊಟ್ಟೆ ಮುಟ್ಟುವಷ್ಟು ಎತ್ತರ. ಹಿಂದೆ ಬೆಳಗಾದರೆ ಆ ಹುಲ್ಲಿನೊಳಗಿಂದ ಗರ್ಜನೆ ಕೇಳುತ್ತಿತ್ತು. ಈಗ ಬರೀ ಗಾಳಿಯ ಸದ್ದು.

ಹುಲ್ಲುಗಾವಲಿನ ಅಂಚಿನಲ್ಲಿ ಬೇಹಾ ಎಂಬ ನರಿ ಒಂದು ಶಿಬಿರ ತೆರೆದಿದ್ದ. ಬಾಗಿಲಿಗೆ 'ಅನಾಥ ಸಿಂಹದ ಮರಿಗಳ ಆಶ್ರಯ' ಎಂದು ಬೋರ್ಡು ಹಾಕಿದ್ದ. "ಸಿಂಹಗಳ ವಂಶ ಅಳಿಯುತ್ತಿದೆ. ತಾಯಿಯಿಲ್ಲದ ಮರಿಗಳು ಅಳುತ್ತಿವೆ. ಹಾಲಿದ್ದವರು ಬನ್ನಿ, ಕರುಳಿದ್ದವರು ಬನ್ನಿ" ಎಂದು ದೇಶ ದೇಶಕ್ಕೆ ಸುದ್ದಿ ಕಳಿಸಿದ್ದ. ಮಳೆಗಾಲಕ್ಕೆ ಮುಂಚೆ ಆಫ್ರಿಕಾದಿಂದ ನಮ್ಮ ಕಡೆಗೆ ಹಾರಿಬರುವ ಚಾತಕ ಪಕ್ಷಿ ಆ ಸುದ್ದಿಯನ್ನು ಚಳ್ಳಕೆರೆಯ ಬಯಲಿಗೂ ತಂದಿತು.

ಆ ಬಯಲಿನಲ್ಲಿ ಕೆಂಚಿ ಎಂಬ ಮೇಕೆ ಇದ್ದಳು. ಅದೇ ತಿಂಗಳು ಅವಳ ಮರಿ ಸತ್ತಿತ್ತು. ಕೆಚ್ಚಲು ತುಂಬಿತ್ತು, ಕುಡಿಯುವವರು ಇರಲಿಲ್ಲ. ಸುದ್ದಿ ಕೇಳಿದವಳೇ ಹೊರಟುಬಿಟ್ಟಳು. ಸಮುದ್ರ ಹೇಗೆ ದಾಟಿದಳು? ತಿಮಿಂಗಿಲದ ಬೆನ್ನ ಮೇಲೆ ಕೂತು ದಾಟಿದಳು. ಹಡಗಿನಲ್ಲಿ ಈರುಳ್ಳಿ ಮೂಟೆಗಳ ನಡುವೆ ಅಡಗಿ ಹೋದಳು ಎನ್ನುವವರೂ ಇದ್ದಾರೆ. ಅವರನ್ನು ನಂಬಬೇಡಿ. ಅವರ ಕತೆಯಲ್ಲಿ ತಿಮಿಂಗಿಲವೇ ಇಲ್ಲ.

ಬೇಹಾ ಅವಳನ್ನು ಬಾಗಿಲಲ್ಲೇ ನಿಂತು ಬರಮಾಡಿಕೊಂಡ.

"ಬಾ ತಾಯಿ, ಬಾ. ನಿನ್ನಂಥವರಿಂದಲೇ ಭೂಮಿ ನಿಂತಿರೋದು. ಇಲ್ಲಿ ನಿಯಮ ಒಂದೇ ಒಂದು" ಎಂದು ಅವಳ ಕೊರಳಿಗೆ ಒಂದು ಕಂಚಿನ ಗಂಟೆ ಕಟ್ಟಿದ. "ಹಾಲು ಕೊಡುವ ಮುಂಚೆ ಮೂರು ಸಲ ಗಂಟೆ ಅಲ್ಲಾಡಿಸಬೇಕು. ಮರಿ ತಾನಾಗಿ ಓಡಿ ಬರಬೇಕು. ನೀನೇ ಹತ್ತಿರ ಹೋಗಿ ಬಾಯಿಗಿಡಬಾರದು."

"ಯಾಕೆ ಯಜಮಾನ್ರೇ?"

"ಶಿಸ್ತು ಕಣಮ್ಮಾ, ಶಿಸ್ತು. ಶಿಸ್ತಿಲ್ಲದ ಸಿಂಹ ಸಿಂಹವೇ ಅಲ್ಲ."

ಕೆಂಚಿಗೆ ಆ ಮಾತು ಬಹಳ ದೊಡ್ಡದಾಗಿ ಕಂಡಿತು. ಅವಳು ತಲೆಯಾಡಿಸಿದಳು. ಗಂಟೆಯೂ ಆಡಿತು. ಮೂಲೆಯಿಂದ ಮೂರು ಸಿಂಹದ ಮರಿಗಳು ಉರುಳಾಡುತ್ತ ಓಡಿ ಬಂದವು.

ಕಿಟೋ, ಮೋಸಿ, ಟಾಬೂ ಎಂದು ಅವುಗಳ ಹೆಸರು. ಮೋಸಿಯ ಮುಂಗಾಲು ಹುಟ್ಟಿನಿಂದಲೇ ಸೊಟ್ಟ. ಬೇರೆ ದೇಶಗಳಿಂದ ಬಂದ ಕುರಿಗಳು ಬೇರೆ ಮರಿಗಳನ್ನು ಸಾಕುತ್ತಿದ್ದವು, ಈ ಮೂವರನ್ನೂ ಕೆಂಚಿ ಸಾಕಿದಳು. ಅವರು ಮಾಂಸ ತಿನ್ನುವಷ್ಟು ದೊಡ್ಡವರಾದ ಮೇಲೂ ಬೆಳಿಗ್ಗೆ ಗಂಟೆ ಕೇಳಿದರೆ ಸಾಕು, ಎಲ್ಲಿದ್ದರೂ ಬಾಲ ಎತ್ತಿಕೊಂಡು ಬರುತ್ತಿದ್ದರು. ಕೊರಳಲ್ಲಿ ಕೇಸರ ಮೂಡಿದ ದಿನ ಬೇಹಾ ಹೇಳಿದ: "ಇನ್ನು ಇವರು ಪೂರ್ವದ ಬೇಲಿಯ ಆಚೆ, ದೊಡ್ಡ ಕಾಡಿಗೆ ಹೋಗಲಿ. ಅಲ್ಲಿ ರಾಜರಾಗಿ ಬದುಕಲಿ."

ಕೆಂಚಿ ಒಬ್ಬೊಬ್ಬರ ಮೂತಿಯನ್ನೂ ನೆಕ್ಕಿ ಕಳಿಸಿಕೊಟ್ಟಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಅದು ಸಂತೋಷದ ನೀರು. ಮಾರನೆಯ ವಾರವೇ ಬೇಹಾ ಇನ್ನೊಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಂದ. ಅದಿನ್ನೂ ಕಣ್ಣು ಬಿಟ್ಟಿರಲಿಲ್ಲ.

"ಪಾಪ, ಇದರ ತಾಯಿಗೆ ಹಾವು ಕಚ್ಚಿತು" ಎಂದ.

ಕೆಂಚಿ ಅದಕ್ಕೆ ಜೆಲಾನಿ ಎಂದು ಹೆಸರಿಟ್ಟಳು. ಜೆಲಾನಿ ಕಣ್ಣು ಬಿಟ್ಟು ಮೊದಲು ನೋಡಿದ್ದು ಅವಳನ್ನೇ. ಮೊದಲು ಆಡಿದ ಮಾತು ಅಮ್ಮಾ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅವನು ಅವಳಿಗಿಂತ ಮೂರು ಪಟ್ಟು ಬೆಳೆದ. ಆದರೂ ಹಾಲು ಕುಡಿಯಲು ಮೊಣಕಾಲೂರಿ ಮಲಗುತ್ತಿದ್ದ. ಅಷ್ಟರಲ್ಲಿ ಬೇಹಾನೂ ಬೆಳೆದಿದ್ದ, ಎತ್ತರಕ್ಕಲ್ಲ, ಅಡ್ಡಕ್ಕೆ. ಹುಲ್ಲುಗಾವಲಿನ ಬೇರೆ ನರಿಗಳ ಪಕ್ಕೆಲುಬು ಕಾಣುತ್ತಿತ್ತು. ಇವನದು ಕತ್ತೇ ಕಾಣುತ್ತಿರಲಿಲ್ಲ. ಅದು ಹೇಗೆ ಎಂದು ಯಾರೂ ಕೇಳಲಿಲ್ಲ. ಮರಿಗಳು ಮುದ್ದಾಗಿದ್ದವಲ್ಲ, ಎಲ್ಲರ ಕಣ್ಣೂ ಅವುಗಳ ಮೇಲೆಯೇ.

ಒಂದು ಮಧ್ಯಾಹ್ನ ಕೆಂಚಿ ಮೇಯುತ್ತ ಮೇಯುತ್ತ ಪೂರ್ವದ ಬೇಲಿಯವರೆಗೆ ಹೋದಳು. ಅಲ್ಲೊಂದು ಒಣಮರದ ಮೇಲೆ ಮುದಿ ರಣಹದ್ದು ಕೂತಿತ್ತು. ಎಲ್ಲರೂ ಅದನ್ನು ಹದ್ದಜ್ಜಿ ಎನ್ನುತ್ತಿದ್ದರು.

"ಅಜ್ಜೀ, ನೀವು ಯಾವಾಗಲೂ ಈ ಕಡೆಯೇ ಹಾರ್ತಿರ್ತೀರಲ್ಲ, ಇಲ್ಲೇನಿದೆ?" ಎಂದು ಕೆಂಚಿ ಕೇಳಿದಳು.

"ಊಟ ಇದೆ."

"ಇಲ್ಲೆಲ್ಲಿ ಊಟ? ಇದು ದೊಡ್ಡ ಕಾಡಿನ ದಾರಿ."

ಹದ್ದಜ್ಜಿ ರೆಕ್ಕೆ ಕೊಡವಿತು. "ದೊಡ್ಡ ಕಾಡಾ? ಬಾರೇ, ಆ ಕಲ್ಲಿನ ಮೇಲೆ ಹತ್ತು. ನಿಮ್ಮ ಜಾತಿಗೆ ಹತ್ತೋದು ಬರುತ್ತಲ್ಲ. ಹತ್ತಿ ನೋಡು."

ಕೆಂಚಿ ಹತ್ತಿ ನೋಡಿದಳು. ಬೇಲಿಯ ಆಚೆ ಕಾಡು ಇರಲಿಲ್ಲ. ನಮ್ಮೂರಿನ ಸಣ್ಣ ಕೆರೆಯಂಗಳದಷ್ಟು ಜಾಗ, ಸುತ್ತಲೂ ಮುಳ್ಳುತಂತಿ. ಒಳಗೆ ಎತ್ತರದ ಹುಲ್ಲು. ಹುಲ್ಲಿನ ನಡುವೆ ಅಲ್ಲಲ್ಲಿ ಬೆಳ್ಳಗೆ ಮೂಳೆಗಳು. ಒಂದು ಮೂಳೆ ಸೊಟ್ಟಗಿತ್ತು.

ಕೆಂಚಿ ಮೂಳೆಗಳನ್ನು ಒಂದೊಂದಾಗಿ ನೋಡಿದಳು.

"ತಲೆಗಳು ಎಲ್ಲಿ?" ಎಂದು ಕೊನೆಗೆ ಕೇಳಿದಳು.

"ತಲೆ, ಚರ್ಮ ಬಂದೂಕು ತಂದ ಎರಡು ಕಾಲಿನವರು ಒಯ್ದರು, ಗೋಡೆಗೆ ನೇತುಹಾಕೋಕೆ. ಮಾಂಸ ನಿಮ್ಮ ಯಜಮಾನನ ಪಾಲು. ಅವನು ತಿಂದು ಮಿಕ್ಕಿದ್ದು ನಮಗೆ. ಸಿಂಹದ ಮಾಂಸ ತಿಂದು ಕೊಬ್ಬಿದ ನರಿ ಇಡೀ ಲೋಕದಲ್ಲಿ ಇವನೊಬ್ಬನೇ."

"ಮೂರು ಜನ ಸಿಂಹಗಳು ಅಜ್ಜೀ! ಅವರಿಗೆ ಓಡೋಕಾಗಲಿಲ್ವೇ? ಮೇಲೆ ಬೀಳೋಕಾಗಲಿಲ್ವೇ?"

"ಯಾಕೆ ಓಡ್ತಾರೆ? ನರಿ ತನ್ನ ಕೊರಳಿಗೂ ಅಂಥದ್ದೇ ಗಂಟೆ ಕಟ್ಟಿಕೊಂಡು ಬಂದೂಕಿನ ಪಕ್ಕ ಕೂತ. ಮೂರು ಸಲ ಅಲ್ಲಾಡಿಸಿದ. ಮೂವರೂ ಬಾಲ ಎತ್ತಿಕೊಂಡು ಬಂದರು. ಕಿಟೋ ಅಂತೂ ಬಂದೂಕಿನ ನಳಿಗೆಯನ್ನು ಮೂಸಿ ನೋಡಿದ, ಹಾಲು ಎಲ್ಲಿದೆ ಅಂತ."

ಕೆಂಚಿ ಒಂದು ಹೆಜ್ಜೆ ಹಿಂದೆ ಸರಿದಳು. ಕೊರಳ ಗಂಟೆ ಸಣ್ಣಗೆ ಸದ್ದು ಮಾಡಿತು. ಅವಳು ಗಲ್ಲದಿಂದ ಅದನ್ನು ಒತ್ತಿ ಹಿಡಿದಳು.

"ಮೊದಲೇ ಹೇಳಬಾರದಿತ್ತೇ ಅಜ್ಜೀ?"

"ಹಾಲು ಕುಡಿಸೋಕೆ ಬಂದವರು ಯಾರೂ ಕೇಳಲಿಲ್ಲ. ಕೇಳದವರಿಗೆ ಹೇಳಿ ನನ್ನ ಊಟ ನಾನು ಯಾಕೆ ಕೆಡಿಸಿಕೊಳ್ಳಲಿ? ನೀನು ಇವತ್ತು ಕೇಳಿದೆ, ಹೇಳಿದೆ. ಇನ್ನೂ ಒಂದು ಕೇಳ್ಕೋ. ಅವು ಅನಾಥ ಮರಿಗಳಲ್ಲ. ತಾಯಂದಿರು ಹೊಳೆಯಾಚೆ ಈಗಲೂ ಇದ್ದಾರೆ. ಅವರು ಬೇಟೆಗೆ ಹೋದಾಗ ನರಿ ಕದ್ದದ್ದು. ಸಾಕುವವರು ಸಿಗ್ತಾರೆ ಅಂತ ಗೊತ್ತಿದ್ದೇ ಕದ್ದದ್ದು. ನೀವು ಬರದೇ ಇದ್ದರೆ ಕಣ್ಣು ಬಿಡದ ಮರಿ ಕಟ್ಟಿಕೊಂಡು ಅವನೇನು ಮಾಡ್ತಿದ್ದ?"

ಕೆಂಚಿ ಕಲ್ಲಿನಿಂದ ಇಳಿದಳು. ಆ ದಿನ ಮತ್ತೆ ಮೇಯಲಿಲ್ಲ. ಶಿಬಿರಕ್ಕೆ ಮರಳುವಾಗ ಬೇಹಾ ಎದುರಾದ. ಜೆಲಾನಿಯ ಕೊರಳನ್ನು ನೋಡುತ್ತ ಬಾಯಿ ಚಪ್ಪರಿಸುತ್ತಿದ್ದ.

"ಕೇಸರ ಬಂತಲ್ಲಮ್ಮಾ ನಿನ್ನ ಮಗನಿಗೆ! ಇನ್ನು ಒಂಬತ್ತೇ ದಿನ. ದೊಡ್ಡ ಕಾಡಿಗೆ ಕಳಿಸಿಬಿಡೋಣ."

ಮರುದಿನ ಬೆಳಿಗ್ಗೆ ಕೆಂಚಿ ಜೆಲಾನಿಗೆ ಎಲ್ಲವನ್ನೂ ಹೇಳಿದಳು. "ಇನ್ನು ಮೇಲೆ ಗಂಟೆ ಸದ್ದು ಕೇಳಿದರೆ ಬರಬೇಡ ಮಗನೇ. ಬೆನ್ನು ತಿರುಗಿಸಿ ಓಡಿಹೋಗು."

"ಸರಿ ಅಮ್ಮಾ."

ಅವಳು ದೂರ ಹೋಗಿ ಗಂಟೆ ಅಲ್ಲಾಡಿಸಿದಳು. ಜೆಲಾನಿ ಓಡಿ ಬಂದ.

"ಬರಬೇಡ ಅಂದೆನಲ್ಲೋ!"

"ನೀನೇ ಕರೆದೆಯಲ್ಲ ಅಮ್ಮಾ."

ಮತ್ತೆ ಹೇಳಿದಳು, ಮತ್ತೆ ಅಲ್ಲಾಡಿಸಿದಳು. ಮತ್ತೆ ಬಂದ. ಐದು ಸಲ ಹೀಗೇ ಆಯಿತು. ಎರಡು ಮಳೆಗಾಲದ ಹಾಲು ಕಲಿಸಿದ್ದನ್ನು ಒಂದು ಬೆಳಗಿನ ಮಾತು ಅಳಿಸಲಿಲ್ಲ. ಆಗ ಕೆಂಚಿಗೆ ಮಾಡಬೇಕಾದದ್ದು ಏನು ಎಂದು ತಿಳಿಯಿತು. ತಿಳಿದದ್ದೇ ತಪ್ಪಾಗಿರಲಿ ಎಂದು ಅವಳು ಆಸೆಪಟ್ಟಳು.

ಶಿಬಿರದಲ್ಲಿ ಕಾಲುವೆ ತೋಡುವ ಸೆಂಬೆ ಎಂಬ ಮುಳ್ಳುಹಂದಿ ಇದ್ದ. ಬಾಯಿ ತೆರೆದರೆ ತಮಾಷೆ. ಕೆಂಚಿ ಅವನ ಬಿಲದ ಬಳಿ ಹೋದಳು.

"ಸೆಂಬೆಣ್ಣಾ, ನಿನ್ನ ಮುಳ್ಳು ಒಂದು ಕೊಡ್ತೀಯಾ?"

"ಒಂದೇನು, ಹತ್ತು ತಗೋ. ಕಿವಿ ಕೆರೆಯೋಕಾ? ಇಲ್ಲಾ ಜಡೆಗೆ ಮುಡಿಯೋಕಾ?"

"ಮಗನಿಗೆ ಚುಚ್ಚೋಕೆ."

ಕಾರಣ ಕೇಳಿದ ಮೇಲೆ ಸೆಂಬೆ ತಮಾಷೆ ಮಾಡಲಿಲ್ಲ. ಉದುರಿದ ಮುಳ್ಳುಗಳಲ್ಲಿ ಚೂಪಾದದ್ದನ್ನು ಆರಿಸಿ ಕೊಟ್ಟ. "ನರಿ ಕೂರೋದು ಬೇಲಿಯ ಈ ಬದಿಗೆ. ಆ ಬದಿಯ ಬೇಲಿ ಕೆಳಗೆ ನಾನೊಂದು ದಾರಿ ತೋಡ್ತೀನಿ. ಗಂಟೆಗೆ ಬೆನ್ನು ಹಾಕಿ ಓಡಿದರೆ ಅವನು ನೇರ ಅಲ್ಲಿಗೇ ಬರ್ತಾನೆ. ಓಡೋ ಹಾಗೆ ಮಾಡೋದು ಮಾತ್ರ ನಿನ್ನ ಕೆಲಸ ತಾಯಿ."

ಕೆಂಚಿ ಮುಳ್ಳನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಗಂಟೆ ಅಲ್ಲಾಡಿಸಿದಳು. ಜೆಲಾನಿ ಬಂದ. ಅವನು ಮೊಣಕಾಲೂರುತ್ತಿದ್ದ ಹಾಗೆಯೇ ಅವಳು ಅವನ ಮೂಗಿಗೆ ಚುಚ್ಚಿದಳು.

"ಅಮ್ಮಾ! ನಾನೇನು ತಪ್ಪು ಮಾಡಿದೆ?"

ಅವಳು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ದನಿಯಲ್ಲಿ ಪ್ರೀತಿ ಬಂದುಬಿಡುತ್ತಿತ್ತು.

ಎರಡನೆಯ ದಿನ ಅವನು ಹೊಟ್ಟೆ ನೆಲಕ್ಕೆ ಒತ್ತಿಕೊಂಡು, ತೆವಳುತ್ತ ಬಂದ. ಚುಚ್ಚಿದಳು. ಮೂರನೆಯ ದಿನ ಬರುವಾಗ ಬಾಯಲ್ಲಿ ಒಂದು ಇಲಿ ಇತ್ತು. ಅವನು ಜೀವನದಲ್ಲಿ ಹಿಡಿದ ಮೊದಲ ಬೇಟೆ ಅದು. ಅದನ್ನು ಅವಳ ಕಾಲ ಬಳಿ ಇಟ್ಟು, "ಇದನ್ನು ತಗೋ ಅಮ್ಮಾ, ಕೋಪ ಬಿಡು" ಎಂದ. ಮೇಕೆಗೆ ಇಲಿ ಯಾತಕ್ಕೆ? ಅವನಿಗೆ ಅದೂ ಗೊತ್ತಿರಲಿಲ್ಲ. ಕೆಂಚಿ ಕಣ್ಣು ಮುಚ್ಚಿಕೊಂಡು ಚುಚ್ಚಿದಳು.

ಹಾಲುಣಿಸಲು ಬಂದಿದ್ದ ಬೇರೆ ದೇಶದ ಕುರಿಗಳು ಇದನ್ನು ನೋಡಿದವು. ಕೆಂಚಿ ಅವರಿಗೆ ಬೇಲಿಯಾಚೆಯ ಮೂಳೆಗಳ ವಿಷಯ ಹೇಳಿದಳು. ಅವರು ನಂಬಲಿಲ್ಲ. "ಮಾಡೋದೆಲ್ಲ ಮಾಡಿ ಯಜಮಾನರ ಮೇಲೆ ಹಾಕ್ತಾಳೆ ನೋಡು. ಸೇವೆಗೆ ಬಂದವಳು ಮಗುವಿಗೆ ಹೀಗಾ ಹಿಂಸೆ ಕೊಡೋದು?" ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡವು. ಬೇಹಾನ ಬಳಿ ಮೂಳೆಯ ಮಾತು ಎತ್ತಲು ಅಂಜಿ, ಚುಚ್ಚುವುದನ್ನಷ್ಟೇ ದೂರು ಹೇಳಿದವು.

ಬೇಹಾ ಕೆಂಚಿಯನ್ನು ಕರೆಸಿದ. "ಏನಮ್ಮಾ, ಮರಿಗೆ ಚುಚ್ಚುತ್ತೀಯಂತೆ?"

ಕೆಂಚಿ ತಲೆ ಎತ್ತಿ ನಿಂತಳು. ಮುಖ ಬಾಡಲಿಲ್ಲ. "ಹೌದು ಯಜಮಾನ್ರೇ. ಮೂರನೇ ಸಲ ಗಂಟೆ ಆಡೋ ತನಕ ಕಾಯಲ್ಲ, ಮೊದಲನೇದಕ್ಕೇ ನುಗ್ಗಿ ಬರ್ತಾನೆ. ಶಿಸ್ತಿಲ್ಲದ ಸಿಂಹ ಸಿಂಹವೇ ಅಲ್ಲ ಅಂತ ನೀವೇ ಹೇಳಿದ್ದಲ್ವೇ?"

ಬೇಹಾ ತನ್ನ ಮಾತು ತನಗೇ ಕೇಳಿಸಿದ್ದಕ್ಕೆ ಉಬ್ಬಿಹೋದ. "ಕಲೀರಿ, ಇವಳನ್ನು ನೋಡಿ ಕಲೀರಿ!" ಎಂದು ಕುರಿಗಳಿಗೇ ಬೈದು ಕಳಿಸಿದ.

ಏಳನೆಯ ದಿನ ಗಂಟೆ ಆಡಿದಾಗ ಹುಲ್ಲು ಅಲುಗಿತು, ಜೆಲಾನಿ ಹೊರಗೆ ಬರಲಿಲ್ಲ. ಎಂಟನೆಯ ದಿನ ಹುಲ್ಲಿನೊಳಗಿಂದ ಗುರ್ ಎಂಬ ಸದ್ದು ಬಂತು. ಅವನು ಹಲ್ಲು ತೋರಿಸುತ್ತ ಹಿಂದೆ ಹಿಂದೆ ಸರಿದು, ತಿರುಗಿ ಓಡಿದ. ಅವಳು ಬಯಸಿದ್ದೇ ಅದು. ಕೆಂಚಿ ಗುಡಿಸಲ ಹಿಂದೆ ಹೋಗಿ ನಿಂತಳು. ಅವಳ ಹಾಲು ತೊಟ್ಟು ತೊಟ್ಟಾಗಿ ಮಣ್ಣಿಗೆ ಬಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಬೇಹಾ ಜೆಲಾನಿಯನ್ನು ಪೂರ್ವದ ಬೇಲಿಯೊಳಗೆ ಬಿಟ್ಟ. ಎರಡು ಕಾಲಿನವರು ಟೊಪ್ಪಿಗೆ ಹಾಕಿಕೊಂಡು ಜೀಪಿನಲ್ಲಿ ಬಂದರು. ಬೇಹಾ ಕೈಮುಗಿದ. ನರಿ ಕೈಮುಗಿದದ್ದನ್ನು ನೀವು ನೋಡಿಲ್ಲ ಎಂದರೆ ಅದು ನನ್ನ ತಪ್ಪಲ್ಲ.

"ಸಾಹೇಬ್ರೇ, ಈ ಗಂಟೆ ಸದ್ದು ಕೇಳಿದರೆ ಸಿಂಹ ಬಂದೇ ಬರುತ್ತೆ. ಹುಲ್ಲು ಅಲುಗಿದ ಕಡೆ ಗುಂಡು ಹೊಡೀರಿ. ಯೋಚನೆ ಮಾಡ್ತಾ ಕೂರಬೇಡಿ."

ಅವನು ತನ್ನ ಕೊರಳಿಗೆ ಗಂಟೆ ಬಿಗಿಯಾಗಿ ಕಟ್ಟಿಕೊಂಡು ಜೀಪಿನ ಪಕ್ಕ ಕೂತ. ಮೂರು ಸಲ ಅಲ್ಲಾಡಿಸಿದ. ಯಾರೂ ಬರಲಿಲ್ಲ. ಮತ್ತೆ ಅಲ್ಲಾಡಿಸಿದ. ಜೀಪಿನ ಕಡೆಯ ಹುಲ್ಲಿನ ಒಂದು ಎಸಳೂ ಅಲುಗಲಿಲ್ಲ. ಎರಡು ಕಾಲಿನವರು ಗಡಿಯಾರ ನೋಡಿಕೊಂಡರು.

"ಮಗು ನಿದ್ದೆಯಲ್ಲಿರಬೇಕು. ಒಂದೇ ನಿಮಿಷ, ಎಬ್ಬಿಸಿ ತರ್ತೀನಿ" ಎಂದು ಬೇಹಾ ಹುಲ್ಲಿನೊಳಗೆ ನುಗ್ಗಿದ. "ಬಾ ಕಂದಾ, ಬಾ ಬಂಗಾರಾ, ಹಾಲು ತಂದಿದೀನಿ" ಎಂದು ಕರೆಯುತ್ತ, ಗಂಟೆ ಬಾರಿಸುತ್ತ ಮುಂದೆ ಹೋದ.

ಜೆಲಾನಿ ಗಂಟೆಗೆ ಬೆನ್ನು ಹಾಕಿ ಓಡುತ್ತ ಆ ಬದಿಯ ಬೇಲಿಯವರೆಗೆ ಬಂದಿದ್ದ. ಗಂಟೆ ಹಿಂದೆಯೇ ಬಂತು. ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಅವನ ಮೂಗಿನ ಗಾಯಗಳೆಲ್ಲ ಒಟ್ಟಿಗೆ ಉರಿದವು. ಅವನು ತಿರುಗಿ ನಿಂತು ಗರ್ಜಿಸಿದ. ಅದು ಅವನ ಮೊದಲ ಗರ್ಜನೆ. ಹನ್ನೊಂದು ಮರಗಳ ಹಕ್ಕಿಗಳೆಲ್ಲ ಒಮ್ಮೆಲೇ ಮೇಲೆದ್ದವು.

ಬೇಹಾ ಎಷ್ಟೋ ಸಿಂಹಗಳನ್ನು ತಿಂದಿದ್ದ. ಆದರೆ ತನ್ನ ಮೇಲೆ ಗರ್ಜಿಸುವ ಸಿಂಹವನ್ನು ಅವನು ಕಂಡದ್ದು ಅದೇ ಮೊದಲು. ಬಂದ ದಾರಿಯಲ್ಲೇ ಓಟ ಕಿತ್ತ. ಕೊರಳ ಗಂಟೆ ಘಣಘಣ ಘಣಘಣ ಎಂದಿತು. ಬಿಚ್ಚಲು ಹೋದ, ಗಂಟು ಬಿಗಿಯಾಗಿತ್ತು. ಜೀಪಿನವರಿಗೆ ಗರ್ಜನೆ ಕೇಳಿಸಿತು, ಗಂಟೆ ಕೇಳಿಸಿತು, ಹುಲ್ಲು ಅಲುಗುತ್ತ ತಮ್ಮ ಕಡೆಗೇ ಬರುವುದು ಕಾಣಿಸಿತು.

"ನಾನು! ನಾನು!" ಎಂದು ಬೇಹಾ ಕೂಗಿದ.

ಅವನೇ ಹೇಳಿದಂತೆ ಅವರು ಯೋಚನೆ ಮಾಡುತ್ತ ಕೂರಲಿಲ್ಲ. ಢಂ ಎಂದಿತು. ಗಂಟೆ ನಿಂತಿತು.

ಹುಲ್ಲು ಸರಿಸಿ ನೋಡಿ, "ಥೂ, ನರಿ!" ಎಂದು ಅವರು ಜೀಪು ಹತ್ತಿ ಹೋದರು. ನರಿಯ ತಲೆಯನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಹದ್ದಜ್ಜಿ ನಿಧಾನವಾಗಿ ಕೆಳಗಿಳಿಯಿತು. ಕೊಬ್ಬು ಸ್ವಲ್ಪ ಜಾಸ್ತಿಯಾಗಿತ್ತು ಎಂದು ಆಮೇಲೆ ಗೊಣಗಿತಂತೆ.

ಬಂದೂಕಿನ ಸದ್ದಿಗೆ ಬೆದರಿದ ಜೆಲಾನಿ ಸೆಂಬೆ ತೋಡಿದ ದಾರಿಯಲ್ಲಿ ನುಸುಳಿ ಹೊರಬಂದ. ಕೆಂಚಿ ಅಲ್ಲಿ ಕಾಯುತ್ತಿದ್ದಳು. ಮಗ ಬದುಕಿರುವುದನ್ನು ಕಂಡು ಅವಳ ಮೈ ನಡುಗಿತು. ಮೈ ನಡುಗಿದ್ದಕ್ಕೆ ಗಂಟೆ ಆಡಿತು. ಜೆಲಾನಿ ಗಕ್ಕನೆ ನಿಂತ. ಅವಳನ್ನು ನೋಡಿದ. ಕಿವಿಗಳನ್ನು ಹಿಂದಕ್ಕೆ ಒತ್ತಿ, ಹಲ್ಲು ತೆರೆದು, ಹೊಳೆಯ ಕಡೆಗೆ ಓಡಿಹೋದ.

ಸ್ವಲ್ಪ ದೂರ ಹೋಗಿ ಅವನು ತಿರುಗಿ ನೋಡಿದ ಎಂದು ಹೇಳಲು ನನ್ನ ನಾಲಿಗೆ ತುರಿಸುತ್ತಿದೆ. ಇಲ್ಲ, ಅವನು ನೋಡಲಿಲ್ಲ.

ಸೆಂಬೆ ಬಂದು ಅವಳ ಕೊರಳ ದಾರವನ್ನು ಹಲ್ಲಿನಿಂದ ಕಡಿದ. ಗಂಟೆ ನೆಲಕ್ಕೆ ಬಿತ್ತು. "ಈಗ ಗಂಟೆ ಇಲ್ಲ ತಾಯಿ. ಒಂದು ಸಲ ಬಾಯಲ್ಲಿ ಕರೆದು ನೋಡು, ಬಂದಾನು."

"ಬೇಡ ಅಣ್ಣಾ. ಬಂದುಬಿಟ್ಟರೆ?" ಎಂದಳು ಕೆಂಚಿ.

ಬೇಹಾ ಸತ್ತರೂ ಶಿಬಿರ ಮುಚ್ಚಲಿಲ್ಲ. ಅವನ ಭಾವಮೈದ ಬಂದು ಬೋರ್ಡಿಗೆ ಹೊಸ ಬಣ್ಣ ಹೊಡೆದ. ಚಾತಕ ಪಕ್ಷಿಗೆ ನಿಜ ಗೊತ್ತಿರಲಿಲ್ಲ, ಸುದ್ದಿ ಹೊತ್ತು ಹಾರಿತು. ದೇಶ ದೇಶದ ಆಡು, ಕುರಿ, ಹಸುಗಳು ಬರುತ್ತಲೇ ಇದ್ದವು. ಕೆಂಚಿ ಊರಿಗೆ ಮರಳಲಿಲ್ಲ. ದಾರಿಯ ಮಧ್ಯೆ ನಿಂತು ಬಂದವರಿಗೆಲ್ಲ ನಡೆದದ್ದನ್ನು ಹೇಳತೊಡಗಿದಳು. ಕೆಲವರು ನಕ್ಕರು. ಕೆಲವರು ಬೈದರು. ಬಹಳ ಜನ ಅವಳನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋದರು.

ಒಂದು ದಿನ ಒಬ್ಬ ಎಳೆಯ ಹಸು ಮಾತ್ರ ನಿಂತು ಪೂರ್ತಿ ಕೇಳಿದಳು.

"ಅಕ್ಕಾ, ನೀವು ಎಷ್ಟು ಮರಿ ಸಾಕಿದಿರಿ?" ಎಂದಳು.

"ನಾಲ್ಕು."

"ಎಷ್ಟು ಉಳಿದವು?"

"ಒಂದು. ನನ್ನನ್ನು ಕಂಡರೆ ಓಡಿಹೋಗೋದು."

ಹಸು ಶಿಬಿರದ ಕಡೆ ನೋಡಿದಳು. ಅಲ್ಲಿಂದ ಮರಿಯೊಂದು ಅಳುವುದು ಕೇಳಿಸುತ್ತಿತ್ತು. ಅವಳು ಅಲ್ಲೇ ಬಹಳ ಹೊತ್ತು ನಿಂತಳು. ಆಮೇಲೆ ಹಿಂದಿರುಗಿ, ಬಂದ ದಾರಿಯಲ್ಲೇ ನಡೆದಳು.

ನೀತಿ: ಸೇವೆಗೆ ಹೊರಡುವ ಮೊದಲು ಆ ಸೇವೆಯಿಂದ ಯಾರ ಹೊಟ್ಟೆ ತುಂಬುತ್ತಿದೆ ಎಂದು ಕೇಳಿ ತಿಳಿಯಬೇಕು; ಕೇಳದೆ ತೋರಿಸಿದ ಕರುಣೆಯನ್ನು ವಂಚಕನು ತನ್ನ ಬಲೆಯಾಗಿ ಮಾಡಿಕೊಳ್ಳುತ್ತಾನೆ.